ಅಗತಿಕರ ಬಂಧು ವಂದನೀಯ ಅಗಸ್ಟಸ್ ಮುಲ್ಲರ್ ಸ್ವಾಮಿಯವರು

ಶತಮಾನೋತ್ಸವದ ಈ ಪುಣ್ಯ ಸಂದರ್ಭದಲ್ಲಿ ನಮ್ಮ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟ ಗುರುಗಳನ್ನೂ, ಬಡತನದ ನಡುವೆಯೂ ಕೈಲಾದ ಕಾಣಿಕೆಯನ್ನಿತ್ತು ಅದನ್ನು ಕಟ್ಟಿ ಬೆಳೆಸಿದ ಹಿರಿಯರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅವರ ಚರಿತ್ರೆಯನ್ನು ಈ ಸಂಚಿಕೆಯ ಇತರ ಲೇಖನಗಳು ತಿಳಿಸುತ್ತವೆ. ನಾನಿಲ್ಲಿ ಕರ್ನಾಟಕದ ಕಥೋಲಿಕರಿಗೆ ಚಿರಪರಿಚಿತರಾದ ಗುರುವರ್ಯರೊಬ್ಬರ ಜೀವನವನ್ನು ನಿರೂಪಿಸಬಯಸುತ್ತೇನೆ. ಮಂಗಳೂರಿನ ಕಂಕನಾಡಿಯಲ್ಲಿರುವ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಆ ಫಾದರ್ ಮುಲ್ಲರ್ ಯಾರು, ಅವರು ಯಾರಿಗಾಗಿ ತಮ್ಮ ಬಾಳನ್ನು ಸವೆಸಿದರು ಎಂಬುದನ್ನು ಬಲ್ಲವರು ಕಡಿಮೆ.

ಅಗಸ್ಟಸ್ ಮುಲ್ಲರ್ ಸ್ವಾಮಿಯವರು ಜನಿಸಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತ್ಯದಲ್ಲಿ. ತಾರುಣ್ಯದಲ್ಲಿಯೇ ಯೇಸುಸಭೆಯನ್ನು ಸೇರಿದರು. 1878ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಮಂಗಳೂರು ಸೀಮೆಯ ಧರ್ಮಸೇವೆಯನ್ನು ಯೇಸುಸಭೆಯವರಿಗೆ ವಹಿಸಿಕೊಟ್ಟರು. ಅದೇ ವರ್ಷದ ಡಿಸೆಂಬರ್ 31ರಂದು ಆ ಸಭೆಯ ಗುರುಗಳ ಮೊದಲನೆಯ ತಂಡವು ಮಂಗಳೂರನ್ನು ತಲುಪಿತು. ಮುಲ್ಲರ್ ಸ್ವಾಮಿಯವರು ಆ ತಂಡದಲ್ಲಿದ್ದರು. ಆಗ ಅವರಿಗೆ ಮೂವತ್ತೇಳು ವರ್ಷ.

ಅವರು ವೈದ್ಯ ಪದವೀಧರರಾಗಿರಲಿಲ್ಲ, ಅಧ್ಯಾಪನಕ್ಕೆಂದು ಬಂದವರು. ಹೋಮಿಯೋಪಥಿ ಔಷಧಗಳ ಜ್ಞಾನ ಮಾತ್ರ ಅವರಿಗಿತ್ತು. ಬಡ ರೋಗಿಗಳಿಗೆ ಅವನ್ನು ಕೊಡಲಾರಂಭಿಸಿದಾಗ ಜನರು ಹುಡುಕಿಕೊಂಡು ಬರತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಹೋಮಿಯೋಪಥಿ ಔಷಧಾಲಯವು ಆರಂಭವಾಯಿತು. ಆಲದ ಮರವೊಂದರ ನೆರಳಿನಲ್ಲಿ ಅದು ಮೊದಲಾಯಿತೆಂದು ಆ ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಕಾಲಕ್ರಮದಲ್ಲಿ ಔಷಧಗಳನ್ನು ಸಿದ್ಧಪಡಿಸಿ ಅಂಚೆಯ ಮೂಲಕ ದೂರದ ಊರುಗಳಿಗೂ ಕಳುಹಿಸುವ ವ್ಯವಸ್ಥೆಯನ್ನು ಅವರು ಮಾಡಿದರು. ಕೊಳ್ಳಬಲ್ಲವರಿಂದ ಬಂದ ಹಣವು ಕೊಳ್ಳಲಾರದವರ ಪಾಲಿಗೆ ಅನ್ನವೂ ಆಶ್ರಯವೂ ಆಯಿತು. ದಾನಿಗಳ ಮುಂದೆ ಕೈಯೊಡ್ಡುವುದರ ಜೊತೆಗೆ ದುಡಿದು ದಾನಮಾಡುವ ಮಾರ್ಗವನ್ನು ಅವರು ಕಂಡುಕೊಂಡರು.

ಔಷಧಾಲಯಕ್ಕೆ ಬರುವ ರೋಗಿಗಳಲ್ಲಿ ಎಲ್ಲರಿಗಿಂತ ನಿರ್ಗತಿಕರೆಂದರೆ ಕುಷ್ಠರೋಗಿಗಳು. ನಾರ್ವೆಯ ವೈದ್ಯ ಹ್ಯಾನ್ಸೆನ್‌ರವರು 1873ರಲ್ಲಿಯೇ ಈ ರೋಗದ ಕ್ರಿಮಿಯನ್ನು ಪತ್ತೆಹಚ್ಚಿದ್ದರು. ಆದರೂ ಅದು ಪಾಪದ ಫಲ, ದೇವರ ಶಾಪ ಎಂಬ ನಂಬಿಕೆ ಅಳಿದಿರಲಿಲ್ಲ. ಅದನ್ನು ಗುಣಪಡಿಸುವ ಔಷಧವೂ ಜಗತ್ತಿನಲ್ಲೆಲ್ಲಿಯೂ ಇರಲಿಲ್ಲ. ಬೆರಳುಗಳು ಮೊಟಕಾಗಿ, ಪಾದಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡ ಮೇಲೆ ದುಡಿಮೆ ಹೋಗುತ್ತಿತ್ತು. ಅನಂತರ ಹೆಂಡತಿ ಮಕ್ಕಳು, ನೆರೆಹೊರೆ, ಊರು ಎಲ್ಲವೂ ದೂರವಾಗುತ್ತಿದ್ದವು. ರೋಗವು ಅಂಗವನ್ನು ತಿನ್ನುವುದಕ್ಕೆ ಮೊದಲೇ ಸಮಾಜವು ಸಂಬಂಧಗಳನ್ನು ಕಡಿದುಹಾಕುತ್ತಿತ್ತು.

ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳೊಡನೆ ಬಾಳಿ, ತಾವೂ ಆ ರೋಗಕ್ಕೆ ತುತ್ತಾದ ಸಂತ ದಾಮಿಯಾನರು ಮರಣ ಹೊಂದಿದ್ದು 1889ರ ಏಪ್ರಿಲ್‌ನಲ್ಲಿ. ಅದರ ಮರುವರ್ಷ, 1890ರಲ್ಲಿ, ಮುಲ್ಲರ್ ಸ್ವಾಮಿಯವರು ಕಂಕನಾಡಿಯಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ಸ್ಥಾಪಿಸಿದರು. ಈ ಕಾರ್ಯದ ಹಿರಿಮೆಯನ್ನು ನಾವು ಸರಿಯಾಗಿ ಗ್ರಹಿಸಬೇಕು. ಇತರ ರೋಗಿಗಳು ಗುಣಹೊಂದಿ ವಂದಿಸಿ ಮನೆಗೆ ಮರಳುವರು, ಇವರು ಮರಳುವವರಲ್ಲ. ಇವರ ವಿಷಯದಲ್ಲಿ ವೈದ್ಯನಿಗೆ ಜಯವೂ ಇಲ್ಲ, ಕೀರ್ತಿಯೂ ಇಲ್ಲ. ಗುಣಪಡಿಸಲು ಸಾಧ್ಯವಿಲ್ಲವೆಂದು ತಿಳಿದೂ ಅವರು ಈ ಜನರನ್ನು ತಮ್ಮವರೆಂದು ಸ್ವೀಕರಿಸಿದರು. ನಮ್ಮ ಪ್ರಭುವೂ ಕುಷ್ಠರೋಗಿಯನ್ನು ಗುಣಪಡಿಸಿ ಅನಂತರ ಹತ್ತಿರಕ್ಕೆ ಕರೆದವರಲ್ಲ. ಮೊದಲು ಕೈನೀಡಿ ಮುಟ್ಟಿದರೆಂದು ಶುಭಸಂದೇಶವು ಸಾರುತ್ತದೆ. ಮುಲ್ಲರ್ ಸ್ವಾಮಿಯವರಿಗೆ ಪವಾಡವು ಸಾಧ್ಯವಿರಲಿಲ್ಲ. ಆದರೆ ಆ ಮೊದಲಿನ ಕಾರ್ಯ, ಕೈನೀಡಿ ಮುಟ್ಟುವ ಕಾರ್ಯ, ಸಾಧ್ಯವಿತ್ತು. ಅದನ್ನವರು ಮಾಡಿದರು.

ಎಂಟು ವರ್ಷಗಳ ತರುವಾಯ, 1898ರಲ್ಲಿ, ಬ್ರಿಟಿಷ್ ಸರಕಾರವು ಕುಷ್ಠರೋಗಿಗಳ ಕಾಯಿದೆಯನ್ನು ಜಾರಿಗೆ ತಂದಿತು. ಬೇಡಿ ತಿನ್ನುವ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿರಿಸುವ ಅಧಿಕಾರವನ್ನು ಅದು ನೀಡಿತು. ಕಾಯಿದೆಯ ಕಾಳಜಿ ಹೊರಗಿನವರ ರಕ್ಷಣೆ. ಕಂಕನಾಡಿಯ ಕಾಳಜಿ ಒಳಗಿರುವವರ ಬದುಕು. ಆಶ್ರಮವೂ ಊರಿನಿಂದ ಬೇರ್ಪಟ್ಟ ಸ್ಥಳವೇ ಅಲ್ಲವೇ ಎಂದು ಇಂದಿನ ಓದುಗರು ಕೇಳಬಹುದು. ನಿಜ, ಬೇರ್ಪಟ್ಟದ್ದೇ. ಮನೆಗಳ ಬಾಗಿಲುಗಳು ಮುಚ್ಚಿದ್ದುದರಿಂದಲೇ ಆ ಬಾಗಿಲನ್ನು ತೆರೆಯಬೇಕಾಯಿತು. ಪ್ರತಿಯೊಂದು ಕುಟುಂಬವೂ ತನ್ನವರನ್ನು ಉಳಿಸಿಕೊಂಡಿದ್ದರೆ ಆಶ್ರಮದ ಅಗತ್ಯವೇ ಬಹುಮಟ್ಟಿಗೆ ಬೀಳುತ್ತಿರಲಿಲ್ಲ.

1902ರಲ್ಲಿ ಪ್ಲೇಗ್ ಹಾವಳಿಯ ಕಾಲದಲ್ಲಿ ಅವರು ಪ್ಲೇಗ್ ಪೀಡಿತರಿಗೂ ಆಸ್ಪತ್ರೆಯನ್ನು ತೆರೆದರು. ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತು ಅವರನ್ನು ಗೌರವಿಸಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರು ನೆಟ್ಟ ಸಸಿಯು ಹೆಮ್ಮರವಾಗಿ, 1985ರಲ್ಲಿ ಹೋಮಿಯೋಪಥಿ ವೈದ್ಯಕೀಯ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಅಲ್ಲಿ ಆರಂಭವಾದವು.

ಕಾಲ ಬದಲಾಗಿದೆ. 1982ರಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಕುಷ್ಠರೋಗವು ಆರು ತಿಂಗಳಲ್ಲಿ ಇಲ್ಲವೆ ಒಂದು ವರ್ಷದಲ್ಲಿ ಗುಣವಾಗುತ್ತದೆ, ಔಷಧವು ಉಚಿತ. 1898ರ ಕಾಯಿದೆಯು 2016ರಲ್ಲಿ ರದ್ದಾಯಿತು. ಅದೇ ವರ್ಷ ಬಂದ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಕುಷ್ಠರೋಗದಿಂದ ಗುಣಹೊಂದಿದವರೂ ಅದರಲ್ಲಿ ಸೇರಿದ್ದಾರೆ. ಬಾಳಸಂಗಾತಿಗೆ ಕುಷ್ಠರೋಗವಿದೆಯೆಂಬ ಕಾರಣಕ್ಕೆ ವಿವಾಹ ವಿಚ್ಛೇದನ ಕೇಳಲು ಆಸ್ಪದವಿದ್ದ ವಿಧಿಗಳನ್ನು 2019ರಲ್ಲಿ ಸಂಸತ್ತು ತೆಗೆದುಹಾಕಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯಿದೆಯಲ್ಲಿಯೂ ಆ ವಿಧಿ ಇದ್ದಿತೆಂಬುದನ್ನು ನಾವು ಮರೆಯಲಾಗದು. ಸುಖದಲ್ಲಿಯೂ ದುಃಖದಲ್ಲಿಯೂ, ಆರೋಗ್ಯದಲ್ಲಿಯೂ ಅನಾರೋಗ್ಯದಲ್ಲಿಯೂ ಜೊತೆಗಿರುವೆವೆಂದು ಪೀಠದ ಮುಂದೆ ಪ್ರಮಾಣ ಮಾಡುವ ಜನ ನಾವು.

ಔಷಧವನ್ನು ವಿಜ್ಞಾನ ಕೊಟ್ಟಿತು, ಹಕ್ಕನ್ನು ಶಾಸನ ಕೊಟ್ಟಿತು. ಬಾಂಧವ್ಯವನ್ನು ಕೊಡಬೇಕಾದವರು ಯಾರು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಬಯಲು ಸೀಮೆಗೆ ಜೀವನದಿಯಿಲ್ಲ. ಆಳದ ಕೊಳವೆ ಬಾವಿಗಳ ಫ್ಲೋರೈಡ್ ಬೆರೆತ ನೀರನ್ನು ಬಹುಕಾಲ ಕುಡಿದು ಮೂಳೆ ಬಿಗಿದು ಬೆನ್ನು ಬಾಗಿದವರು ಈ ಜಿಲ್ಲೆಯ ಹಳ್ಳಿಗಳಲ್ಲಿದ್ದಾರೆ. ಚಿನ್ನದ ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟ ಕಾರ್ಮಿಕರ ಕುಟುಂಬಗಳಿವೆ. ಇವರಲ್ಲದೆ ಹುಟ್ಟಿನಿಂದಲೇ ಕಣ್ಣು, ಕಿವಿ, ಕೈಕಾಲು, ಬುದ್ಧಿಯ ಕೊರತೆಯುಳ್ಳ ಮಕ್ಕಳಿದ್ದಾರೆ. ಇವರನ್ನು ನಾವು ಹೇಗೆ ಕಾಣುತ್ತಿದ್ದೇವೆ? ಹೆತ್ತವರಿಟ್ಟ ಹೆಸರನ್ನು ಬಿಟ್ಟು ಕುಂಟ, ಮೂಗ ಎಂದು ಕರೆಯುವುದು ನಿಂತಿದೆಯೇ? ಹೆಣ್ಣು ನೋಡಲು ಬರುವ ದಿನ ಅಂಗವಿಕಲ ತಮ್ಮನನ್ನು ಹಿಂದಿನ ಕೋಣೆಯಲ್ಲಿ ಕೂರಿಸುವ ಮನೆ ನಮ್ಮ ನಡುವೆ ಇಲ್ಲವೇ? ಬುದ್ಧಿ ಸಾಲದೆಂದು ಜ್ಞಾನೋಪದೇಶಕ್ಕೆ ಕಳುಹಿಸದೆ, ಪರಮಪ್ರಸಾದದಿಂದ ದೂರ ಉಳಿದ ಮಗು ಇಲ್ಲವೇ? ಅಂಥವರ ಮೇಲೆ ಮರುಕ ತೋರುವುದು ಸುಲಭ. ಅವರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಅವರ ಸಲಹೆಯನ್ನು ಕೇಳುವುದು, ಅವರ ಮದುವೆ ಮಕ್ಕಳ ಆಸೆಯನ್ನು ನ್ಯಾಯವೆಂದು ಒಪ್ಪುವುದು ಕಷ್ಟ. ಪ್ರೀತಿಯ ನಿಜವಾದ ಪರೀಕ್ಷೆಯಿರುವುದು ಆ ಕಷ್ಟದಲ್ಲಿಯೇ.

ನೂರು ವರ್ಷ ತುಂಬಿದ ದೇವಾಲಯವು ತನ್ನ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿ ಏರುವಂತಹ ಇಳಿಜಾರು ದಾರಿಯನ್ನು ಹೊಂದಿರಲಿ. ನಮ್ಮ ಕಿರು ಕ್ರೈಸ್ತ ಸಮುದಾಯಗಳು ಮನೆ ಬಿಟ್ಟು ಬರಲಾರದವರ ಮನೆಯಲ್ಲಿಯೇ ಪ್ರಾರ್ಥನೆಗೆ ಸೇರಲಿ. ವಾಚನ ಓದಬಲ್ಲ, ಹಾಡಬಲ್ಲ ಅಂಗವಿಕಲ ಸಹೋದರ ಸಹೋದರಿಯರು ಪೀಠದ ಬಳಿಗೆ ಬರಲಿ. ಮುಲ್ಲರ್ ಸ್ವಾಮಿಯವರು ಹೊರಗಟ್ಟಲ್ಪಟ್ಟವರಿಗಾಗಿ ಬೇರೆ ಮನೆಯನ್ನು ಕಟ್ಟಬೇಕಾಯಿತು. ನಮ್ಮ ಮನೆಗಳಿಂದಲೂ ನಮ್ಮ ದೇವಾಲಯದಿಂದಲೂ ಯಾರೊಬ್ಬರೂ ಹೊರಗುಳಿಯದಂತೆ ಬಾಳುವ ವರವನ್ನು ದಯಾಮಯನಾದ ದೇವರು ನಮ್ಮೆಲ್ಲರಿಗೂ ಕರುಣಿಸಲಿ.