ಗರಿಂಚಾ ಎಂಬ ಕಾಲ್ಚೆಂಡಾಟಗಾರ

ಜನವರಿ 20 ಸಂತ ಸೆಬಾಸ್ಟಿಯನ್ನರ ಹಬ್ಬದ ದಿನ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರಕ್ಕೂ ಈ ರಕ್ತಸಾಕ್ಷಿಯೇ ಪಾಲಕ ಸಂತರು. 1983ರಲ್ಲಿ ಅದೇ ಹಬ್ಬದ ದಿನ ಆ ನಗರದ ಆಸ್ಪತ್ರೆಯೊಂದರಲ್ಲಿ, ಮದ್ಯಪಾನದಿಂದ ಯಕೃತ್ತು ಕೆಟ್ಟುಹೋಗಿದ್ದ 49ರ ಪ್ರಾಯದ ಒಬ್ಬ ಮನುಷ್ಯನು ತೀರಿಕೊಂಡನು. ಸುದ್ದಿ ಹಬ್ಬುತ್ತಲೇ ಸಾವಿರಾರು ಜನರು ಕಣ್ಣೀರಿಡುತ್ತ ಬೀದಿಗಿಳಿದರು. ಈ ಸಂಚಿಕೆಗೆ ಒಬ್ಬ ಕ್ರೀಡಾಪಟುವಿನ ಜೀವನವನ್ನು ಬರೆದುಕೊಡಬೇಕೆಂದು ನಮ್ಮ ಯುವಕರು ಕೇಳಿದಾಗ, ನಾವು ಪೆಲೆಯನ್ನು ಕುರಿತು ಬರೆಯುವೆವೆಂದು ಅವರು ಭಾವಿಸಿರಬಹುದು. ನಮ್ಮ ಮನಸ್ಸು ಮಾತ್ರ ಪೆಲೆಯ ಜೊತೆಗಾರನಾದ ಈ ಗರಿಂಚಾನ ಕಡೆಗೇ ಹೋಯಿತು.

ಆತನ ಪೂರ್ಣ ಹೆಸರು ಮಾನುಯೆಲ್ ಫ್ರಾನ್ಸಿಸ್ಕೊ ದೋಸ್ ಸಾಂಟೋಸ್. ಕೊನೆಯ ಮಾತಿಗೆ ಸಂತರವನು ಎಂದು ಅರ್ಥ. ಹುಟ್ಟಿದ್ದು 1933ರ ಅಕ್ಟೋಬರಿನಲ್ಲಿ, ರಿಯೊ ಪ್ರಾಂತ್ಯದ ಪೌ ಗ್ರಾಂಡೆ ಎಂಬ ಚಿಕ್ಕ ಊರಿನಲ್ಲಿ. ಊರಿಗೆಲ್ಲ ಒಂದೇ ಬಟ್ಟೆ ಗಿರಣಿ. ತಂದೆ ಅಲ್ಲಿ ಕಾವಲುಗಾರ, ಕುಡಿತದ ಚಟವುಳ್ಳವನು. ಗರಿಂಚಾ ಎಂಬುದು ಒಂದು ಪುಟ್ಟ ಕಂದು ಹಕ್ಕಿಯ ಹೆಸರು. ಗಿಡ್ಡನೆಯ ತಮ್ಮನಿಗೆ ಅಕ್ಕನೇ ಅದನ್ನಿಟ್ಟಳು. ಅವನ ಬಲಗಾಲು ಒಳಕ್ಕೂ ಎಡಗಾಲು ಹೊರಕ್ಕೂ ಬಾಗಿದ್ದವು. ಒಂದು ಕಾಲು ಇನ್ನೊಂದಕ್ಕಿಂತ ಸುಮಾರು 6 ಸೆಂಟಿಮೀಟರ್ ಗಿಡ್ಡ. ನೆಟ್ಟಗೆ ನಡೆಯುವುದೇ ಕಷ್ಟವೆಂದು ನೋಡಿದವರು ಎಣಿಸುವಂಥ ಕಾಲುಗಳವು. 14ರ ಪ್ರಾಯಕ್ಕೆ ಗಿರಣಿ ಸೇರಿದನು. ಕೆಲಸದಲ್ಲಿ ಮಹಾ ಸೋಮಾರಿ. ಗಿರಣಿಯ ತಂಡಕ್ಕೆ ಅವನ ಆಟ ಬೇಕಾಗಿದ್ದುದರಿಂದಲೇ ಕೆಲಸ ಉಳಿಯಿತೆನ್ನಬೇಕು.

1953ರಲ್ಲಿ ರಿಯೊ ನಗರದ ಬೊಟಫೋಗೊ ಕ್ಲಬ್ಬಿನವರು ಅವನನ್ನು ಪರೀಕ್ಷೆಗೆ ಕರೆದರು. ಎದುರಿಗೆ ನಿಂತವನು ರಾಷ್ಟ್ರೀಯ ತಂಡದ ಪ್ರಸಿದ್ಧ ರಕ್ಷಣಾ ಆಟಗಾರ ನಿಲ್ಟನ್ ಸಾಂಟೋಸ್. ಈ ಹಳ್ಳಿಯ ಹುಡುಗ ಚೆಂಡನ್ನು ಆ ಮಹಾಶಯನ ಕಾಲುಗಳ ನಡುವೆಯೇ ತೂರಿಸಿ ಮುಂದಕ್ಕೋಡಿದನು. ನಿಲ್ಟನ್ ಸಾಂಟೋಸ್ ಕೋಪಿಸಿಕೊಳ್ಳಲಿಲ್ಲ. ಇವನನ್ನು ಕೂಡಲೇ ಸೇರಿಸಿಕೊಳ್ಳಿರೆಂದು ಕ್ಲಬ್ಬಿನವರನ್ನು ಒತ್ತಾಯಿಸಿದನು. ಸೋತವನ ಈ ದೊಡ್ಡತನವನ್ನು ನಾವು ಗೆದ್ದವನ ಚಮತ್ಕಾರಕ್ಕಿಂತಲೂ ಹೆಚ್ಚು ಮೆಚ್ಚುತ್ತೇವೆ.

1958ರಲ್ಲಿ ಸ್ವೀಡನಿನ ವಿಶ್ವಕಪ್ಪಿಗೆ ಹೋದಾಗ, ತಂಡದ ಮನಶ್ಶಾಸ್ತ್ರಜ್ಞನ ಪರೀಕ್ಷೆಯಲ್ಲಿ ಗರಿಂಚಾನಿಗೆ ಬಂದ ಅಂಕಗಳು ಬಹಳ ಕಡಿಮೆ. ಮೊದಲ ಎರಡು ಪಂದ್ಯಗಳಲ್ಲಿ ಅವನನ್ನು ಆಡಿಸಲಿಲ್ಲ. ಮೂರನೆಯದಾದ ಸೋವಿಯತ್ ತಂಡದ ಎದುರಿನ ಪಂದ್ಯದಲ್ಲಿ ಅವನೂ 17 ವರ್ಷದ ಪೆಲೆಯೂ ಒಟ್ಟಿಗೆ ಕಣಕ್ಕಿಳಿದರು. ಮೊದಲ ನಿಮಿಷದಲ್ಲೇ ಗರಿಂಚಾನ ಹೊಡೆತ ಗೋಲುಕಂಬಕ್ಕೆ ಬಡಿಯಿತು. ಅಂತಿಮ ಪಂದ್ಯದಲ್ಲಿ ಬ್ರೆಜಿಲ್ 5-2ರಿಂದ ಸ್ವೀಡನನ್ನು ಸೋಲಿಸಿತು. ಅಂದಿನ ಮೊದಲ ಎರಡು ಗೋಲುಗಳು ಬಲ ಅಂಚಿನಿಂದ ಗರಿಂಚಾ ಒದಗಿಸಿದ ಚೆಂಡಿನಿಂದಲೇ ಬಂದವು.

1962ರ ಚಿಲಿ ವಿಶ್ವಕಪ್ಪಂತೂ ಅವನದೇ. ಎರಡನೆಯ ಪಂದ್ಯದಲ್ಲಿ ಪೆಲೆ ಗಾಯಗೊಂಡು ಹೊರಗುಳಿದಾಗ ಭಾರವೆಲ್ಲ ಈ ಸೊಟ್ಟಕಾಲುಗಳ ಮೇಲೆ ಬಿತ್ತು. ಇಂಗ್ಲೆಂಡಿನ ವಿರುದ್ಧ ಎರಡು ಗೋಲು, ಅತಿಥೇಯ ಚಿಲಿಯ ವಿರುದ್ಧ ಮತ್ತೆರಡು. ಇಂಗ್ಲೆಂಡಿನೊಡನೆ ಆಡುವಾಗ ಮೈದಾನಕ್ಕೆ ನಾಯಿಯೊಂದು ನುಗ್ಗಿತು. ಎಂಥೆಂಥ ರಕ್ಷಕರನ್ನೋ ಏಮಾರಿಸಿದ ಗರಿಂಚಾನಿಗೆ ಅದು ಸಿಗದೆ ನುಣುಚಿಕೊಂಡಿತು! ಚಿಲಿಯ ಆಟಗಾರನೊಬ್ಬನನ್ನು ಒದ್ದದ್ದಕ್ಕಾಗಿ ಅವನನ್ನು ಹೊರಗೆ ಕಳಿಸಿದರೂ, ಅಂತಿಮ ಪಂದ್ಯವಾಡಲು ಅನುಮತಿ ದೊರೆಯಿತು. ಚೆಕೊಸ್ಲೊವಾಕಿಯಾವನ್ನು 3-1ರಿಂದ ಸೋಲಿಸಿ ಬ್ರೆಜಿಲ್ ಮತ್ತೆ ಕಪ್ಪನ್ನು ಗೆದ್ದಿತು. ಅವನೂ ಪೆಲೆಯೂ ಜೊತೆಯಲ್ಲಿ ಆಡಿದ ಒಂದು ಪಂದ್ಯದಲ್ಲಿಯೂ ಬ್ರೆಜಿಲ್ ಸೋತದ್ದಿಲ್ಲ.

ಅವನ ಆಟದಲ್ಲಿ ವಿನೋದವಿತ್ತು. ಎದುರಾಳಿಯನ್ನು ದಾಟಿದ ಮೇಲೂ ನಿಂತು, ಅವನು ಹಿಂದಿರುಗಿ ಬರಲೆಂದು ಕಾದು, ಮತ್ತೊಮ್ಮೆ ದಾಟುತ್ತಿದ್ದನಂತೆ. ಬಡಜನರು ಹೊಟ್ಟೆತುಂಬ ನಕ್ಕರು, ಅವನನ್ನು ಜನರ ಆನಂದವೆಂದು ಕರೆದರು. ಆದರೆ ಅವನ ಸ್ವಂತ ಮನೆಯಲ್ಲಿ ಆನಂದವಿರಲಿಲ್ಲ. ನಾಯಿರ್ ಎಂಬ ಗಿರಣಿಯ ಹುಡುಗಿಯನ್ನು ಮದುವೆಯಾಗಿ ಎಂಟು ಹೆಣ್ಣುಮಕ್ಕಳ ತಂದೆಯಾದವನು, ಅವರನ್ನು ಬಿಟ್ಟು ಎಲ್ಜಾ ಸೊವಾರೆಸ್ ಎಂಬ ಪ್ರಸಿದ್ಧ ಗಾಯಕಿಯೊಡನೆ ಸಂಸಾರ ಹೂಡಿದನು. ಊರಿನ ಜನರು ದೂಷಿಸಿದ್ದು ಹೆಚ್ಚಾಗಿ ಆ ಗಾಯಕಿಯನ್ನೇ. ಅದು ನ್ಯಾಯವೆಂದು ನಮಗೆ ತೋರುವುದಿಲ್ಲ, ಬಿಟ್ಟುಹೋದವನು ಆತ. ಕುಡಿದಾಗ ಆಕೆಯ ಮೇಲೂ ಕೈಮಾಡಿದನು. ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ.

ಮೊಣಕಾಲು ಸವೆದಿತ್ತು. ನೋವು ಮರೆಸುವ ಚುಚ್ಚುಮದ್ದುಗಳ ಬಲದಿಂದ ಆಡಿ ಆಡಿ, 1964ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಹಳೆಯ ಓಟ ಮರಳಲಿಲ್ಲ. 1966ರಲ್ಲಿ ಲಿವರ್‌ಪೂಲಿನಲ್ಲಿ ಹಂಗೇರಿಯ ವಿರುದ್ಧ ಬ್ರೆಜಿಲ್ 1-3ರಿಂದ ಸೋತಿತು. ದೇಶಕ್ಕಾಗಿ ಅವನಾಡಿದ 50 ಪಂದ್ಯಗಳಲ್ಲಿ ಅದೇ ಕೊನೆಯದು, ಸೋತದ್ದೂ ಅದೊಂದೇ. ಮುಂದೆ ಹಲವು ಕ್ಲಬ್ಬುಗಳನ್ನು ಸುತ್ತಿದನು. 1969ರಲ್ಲಿ ಅವನು ನಡೆಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಎಲ್ಜಾಳ ತಾಯಿ ಮಡಿದಳು. ಆ ಭಾರ ಅವನ ಮನಸ್ಸಿನಿಂದ ಇಳಿಯಲಿಲ್ಲ, ಕುಡಿತ ಬಲಿಯಿತು. 1973ರ ಡಿಸೆಂಬರಿನಲ್ಲಿ ಮರಕಾನಾ ಕ್ರೀಡಾಂಗಣದಲ್ಲಿ ನಡೆದ ಬೀಳ್ಕೊಡುಗೆಯ ಪಂದ್ಯಕ್ಕೆ 1,30,000ಕ್ಕೂ ಹೆಚ್ಚು ಜನ ಸೇರಿದ್ದರು. 1977ರಲ್ಲಿ ಎಲ್ಜಾಳೂ ದೂರವಾದಳು.

1980ರ ಕಾರ್ನಿವಲ್ ಮೆರವಣಿಗೆಯಲ್ಲಿ ಅವನನ್ನು ಅಲಂಕೃತ ವಾಹನದ ಮೇಲೆ ಕುಳ್ಳಿರಿಸಿದರು. ಸುತ್ತಲೂ ವಾದ್ಯ, ಕುಣಿತ. ನಡುವೆ ಊದಿದ ಮುಖದಿಂದ, ಮಂಪರಿನಲ್ಲಿ, ಕೈಯನ್ನೂ ಸರಿಯಾಗಿ ಬೀಸಲಾರದೆ ಕುಳಿತ ಮನುಷ್ಯ. ಅವನನ್ನು ಅಲ್ಲಿ ಕೂರಿಸಿದವರ ಉದ್ದೇಶ ಗೌರವಿಸುವುದೇ ಆಗಿತ್ತು. ಆದರೂ, ಸನ್ಮಾನಸಭೆಗಳನ್ನು ಬಹಳ ಕಂಡಿರುವ ನಾವು, ಇದನ್ನು ನೆನೆದಾಗ ತಲೆತಗ್ಗಿಸುತ್ತೇವೆ.

ಮೃತದೇಹವನ್ನು ಮರಕಾನಾದಲ್ಲಿ ದರ್ಶನಕ್ಕಿಟ್ಟು, ಅಗ್ನಿಶಾಮಕ ವಾಹನದ ಮೇಲೆ ಪೌ ಗ್ರಾಂಡೆಗೆ ಒಯ್ದರು. ದಾರಿಯುದ್ದಕ್ಕೂ ಇಕ್ಕೆಲಗಳಲ್ಲಿ ಜನರು ನಿಂತಿದ್ದರು. ಊರಿನ ಸಮೀಪದ ರಾಯಿಜ್ ದ ಸೆರ್ರಾ ಸ್ಮಶಾನದಲ್ಲಿ ಮಣ್ಣುಮಾಡಿದರು. ರಾಜಧಾನಿ ಬ್ರೆಸಿಲಿಯಾದ ದೊಡ್ಡ ಕ್ರೀಡಾಂಗಣಕ್ಕೆ ಅವನ ಹೆಸರಿದೆ. ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲೂ ಇದೆ. ಆದರೆ 2017ರಲ್ಲಿ ಮನೆಯವರು ವಿಚಾರಿಸಿದಾಗ, ಅವನ ಅಸ್ಥಿಗಳು ಎಲ್ಲಿವೆಯೆಂದು ನಿಶ್ಚಯವಾಗಿ ಹೇಳಲು ಅಲ್ಲಿಯ ಅಧಿಕಾರಿಗಳಿಗೆ ಆಗಲಿಲ್ಲ.