ಇದಿರುಗಾಳಿಯ ನಾವಿಕ

ಆಷಾಢ ಮಾಸದಲ್ಲಿ ಉತ್ತರ ಕನ್ನಡದ ಕರಾವಳಿಯ ಮೇಲೆ ಬೀಸುವ ಗಾಳಿಯ ಬಲವನ್ನು ಆ ನೆಲದವರೇ ಚೆನ್ನಾಗಿ ಬಲ್ಲರು. ಅಂಕೋಲೆಯ ಬೊಬ್ರುವಾಡದಲ್ಲಿ ಸೈಕಲ್ ಏರಿ ಕಡಲಿನ ಕಡೆಗೆ ಹೊರಟವನಿಗೆ ಗಾಳಿಯು ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುವಂತೆ ತೋರುತ್ತದೆ. ಎಷ್ಟು ತುಳಿದರೂ ದಾರಿ ಸಾಗುವುದಿಲ್ಲ. ಮಳೆಯ ಹನಿ ಹರಳಿನಂತೆ ಮುಖಕ್ಕೆ ಬಡಿಯುತ್ತದೆ. ಅದೇ ದಾರಿಯಲ್ಲಿ ಮನೆಗೆ ಮರಳುವಾಗ ಅದೇ ಗಾಳಿ ಬೆನ್ನ ಹಿಂದೆ ನಿಂತು ಸೈಕಲ್ಲನ್ನು ತಾನೇ ಮುಂದಕ್ಕೆ ಸಾಗಿಸುತ್ತದೆ. ಗಾಳಿಯನ್ನು ಇದಿರಿಸಿ ಹೋಗುವುದಕ್ಕೂ ಗಾಳಿಯ ಜೊತೆಯಲ್ಲಿ ಹೋಗುವುದಕ್ಕೂ ಇರುವ ಅಂತರ ಇಷ್ಟು ದೊಡ್ಡದು. ಸೈಕಲ್ ಸವಾರನಿಗೆ ಇಳಿದು ತಳ್ಳಿಕೊಂಡು ನಡೆಯುವ ಅನುಕೂಲವಾದರೂ ಉಂಟು. ನಡುಗಡಲಿನಲ್ಲಿ ಹಾಯಿಯನ್ನೇ ನಂಬಿದ ನಾವಿಕನಿಗೆ ಅದೂ ಇಲ್ಲ. ಐದು ನೂರು ವರ್ಷಗಳಿಗೂ ಹಿಂದೆ ಇದೇ ಜಿಲ್ಲೆಯ ಕಡಲತೀರದ ಎದುರಿನಿಂದ ಹೊರಟು, ಇದಿರುಗಾಳಿಯ ಕ್ರೂರವಾದ ಪಾಠವನ್ನು ಕಲಿತವನು ಪೋರ್ಚುಗಲ್ ದೇಶದ ನಾವಿಕ ವಾಸ್ಕೋ ಡ ಗಾಮ.

ವಾಸ್ಕೋ ಡ ಗಾಮನು 1460ರ ದಶಕದಲ್ಲಿ ಪೋರ್ಚುಗಲ್ಲಿನ ಸೀನೆಶ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದನು. ಅವನ ತಂದೆ ಎಸ್ತೆವಾಂವ್ ಡ ಗಾಮನು ರಾಜಸೇವೆಯಲ್ಲಿದ್ದ ಕುಲೀನ. ಆ ಕಾಲದಲ್ಲಿ ಮೆಣಸು, ಶುಂಠಿ, ದಾಲ್ಚಿನ್ನಿ ಮೊದಲಾದ ಸಂಬಾರ ಪದಾರ್ಥಗಳು ಭಾರತದಿಂದ ಅರಬ್ಬೀ ವರ್ತಕರ ಕೈಗೂ, ಅವರಿಂದ ವೆನಿಸ್ ನಗರದ ವ್ಯಾಪಾರಿಗಳ ಕೈಗೂ ಸಾಗಿ, ಕೈಯಿಂದ ಕೈಗೆ ಬೆಲೆ ಏರುತ್ತ ಯೂರೋಪನ್ನು ಸೇರುತ್ತಿದ್ದವು. ಭಾರತಕ್ಕೆ ನೇರವಾದ ಜಲಮಾರ್ಗವನ್ನು ಕಂಡುಕೊಂಡರೆ ಈ ವ್ಯಾಪಾರದ ಲಾಭವೆಲ್ಲ ತಮ್ಮದಾಗುವುದೆಂದು ಪೋರ್ಚುಗಲ್ಲಿನ ಅರಸರು ಹಂಬಲಿಸಿದರು. 1488ರಲ್ಲಿ ಬಾರ್ತೊಲೊಮೆಯು ಡಯಾಸ್ ಎಂಬ ನಾವಿಕನು ಆಫ್ರಿಕ ಖಂಡದ ದಕ್ಷಿಣದ ಭೂಶಿರವನ್ನು ಸುತ್ತಿ ಬಂದನು. ಆದರೆ ಬಳಲಿದ ಅವನ ಸಂಗಡಿಗರು ಮುಂದೆ ಹೋಗಲು ಒಪ್ಪದೆ ಹಿಂತಿರುಗಿದರು. ಉಳಿದ ದಾರಿಯನ್ನು ಕ್ರಮಿಸುವ ಹೊಣೆಯನ್ನು ದೊರೆ ಮೊದಲನೆಯ ಮ್ಯಾನುಯೆಲನು ವಾಸ್ಕೋ ಡ ಗಾಮನಿಗೆ ವಹಿಸಿದನು.

1497ರ ಜುಲೈ 8ರಂದು ನಾಲ್ಕು ಹಡಗುಗಳು ಲಿಸ್ಬನ್ ನಗರದಿಂದ ಹೊರಟವು. ಸಾಂವ್ ಗಾಬ್ರಿಯೆಲ್ ಎಂಬ ಹಡಗಿನಲ್ಲಿ ವಾಸ್ಕೋ ಡ ಗಾಮನೂ, ಸಾಂವ್ ರಫಾಯೆಲ್ ಎಂಬುದರಲ್ಲಿ ಅವನ ಅಣ್ಣ ಪಾವ್ಲೊ ಡ ಗಾಮನೂ, ಬೆರಿಯೊ ಎಂಬ ಚಿಕ್ಕ ಹಡಗಿನಲ್ಲಿ ನಿಕೊಲಾವ್ ಕೊಯೆಲ್ಯೊ ಎಂಬವನೂ ನಾಯಕರಾಗಿದ್ದರು. ನಾಲ್ಕನೆಯದು ಆಹಾರ ಸಾಮಗ್ರಿಗಳ ಹಡಗು. ಎಲ್ಲ ಸೇರಿ ಹಡಗುಗಳಲ್ಲಿದ್ದವರು ಸುಮಾರು 170 ಮಂದಿ.

ಅಟ್ಲಾಂಟಿಕ್ ಸಾಗರದ ಗಾಳಿಗಳನ್ನು ಪೋರ್ಚುಗೀಸರು ಹಲವು ದಶಕಗಳ ಅನುಭವದಿಂದ ಅರಿತಿದ್ದರು. ಆಫ್ರಿಕದ ದಡವನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಇದಿರುಗಾಳಿಯೂ ಇದಿರು ಪ್ರವಾಹವೂ ಕಾಡುತ್ತವೆ. ಆದುದರಿಂದ ಗಾಮನು ದಡವನ್ನು ಬಿಟ್ಟು, ಪಶ್ಚಿಮದ ಕಡೆಗೆ ದೊಡ್ಡ ಕಮಾನಿನಂತೆ ಬಳಸಿ, ಅನುಕೂಲವಾದ ಗಾಳಿಯನ್ನು ಹುಡುಕಿಕೊಂಡು ಹೋದನು. ಮೂರು ತಿಂಗಳ ಕಾಲ ಅವರಿಗೆ ನೆಲದ ದರ್ಶನವಾಗಲಿಲ್ಲ. ದಾರಿ ದೂರವಾದರೂ ಗಾಳಿ ಬೆಂಬಲವಾಗಿದ್ದುದರಿಂದ ನವೆಂಬರ್ ಮೊದಲ ವಾರದಲ್ಲಿ ಅವರು ಆಫ್ರಿಕದ ದಕ್ಷಿಣ ಭಾಗವನ್ನು ಮುಟ್ಟಿದರು. ಭೂಶಿರದ ಬಳಿ ಮಾತ್ರ ಗಾಳಿ ಇದಿರಾಯಿತು. ನವೆಂಬರ್ 18ರಂದು ಕಣ್ಣಿಗೆ ಬಿದ್ದ ಭೂಶಿರವನ್ನು ದಾಟಲು ಅವರಿಗೆ ಸಾಧ್ಯವಾದುದು 22ರಂದು. ಸಾಮಗ್ರಿಯ ಹಡಗನ್ನು ಅಲ್ಲಿಂದ ಮುಂದೆ ಒಡೆದುಹಾಕಿ, ಮೂರು ಹಡಗುಗಳಲ್ಲಿ ಅವರು ಪ್ರಯಾಣವನ್ನು ಮುಂದುವರಿಸಿದರು.

ಆಫ್ರಿಕದ ಪೂರ್ವ ತೀರದಲ್ಲಿ ಮೊಜಾಂಬಿಕ್ ಮತ್ತು ಮೊಂಬಾಸಾ ಬಂದರುಗಳಲ್ಲಿ ಗಾಮನಿಗೆ ವಿರೋಧವೇ ಎದುರಾಯಿತು. 1498ರ ಏಪ್ರಿಲ್ ತಿಂಗಳಲ್ಲಿ ಸೇರಿದ ಮಾಲಿಂದಿಯ ಅರಸನು ಮಾತ್ರ ಸ್ನೇಹದಿಂದ ಬರಮಾಡಿಕೊಂಡು, ಅರಬ್ಬೀ ಸಮುದ್ರದ ದಾರಿಯನ್ನು ಬಲ್ಲ ಒಬ್ಬ ಮಾರ್ಗದರ್ಶಕನನ್ನು ಒದಗಿಸಿದನು. ಆತನು ಪ್ರಸಿದ್ಧ ಅರಬ್ಬೀ ನಾವಿಕ ಇಬ್ನ್ ಮಾಜಿದ್ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಗುಜರಾತಿನವನೆಂದು ಹೇಳಲಾದ ಆ ಮಾರ್ಗದರ್ಶಕನು ಋತುವನ್ನು ಅರಿತವನಾಗಿದ್ದನು. ಮಳೆಗಾಲದ ಗಾಳಿ ಆಗತಾನೇ ತಲೆಯೆತ್ತುತ್ತಿದ್ದ ಸಮಯದಲ್ಲಿ, ಏಪ್ರಿಲ್ 24ರಂದು, ಹಡಗುಗಳು ಮಾಲಿಂದಿಯನ್ನು ಬಿಟ್ಟವು. ಗಾಳಿ ಬೆನ್ನ ಹಿಂದಿತ್ತು. ಇಪ್ಪತ್ತಮೂರು ದಿನಗಳಲ್ಲಿ ಮಹಾಸಾಗರವನ್ನು ದಾಟಿದ ಅವರು ಮೇ 20ರಂದು ಕಲ್ಲಿಕೋಟೆಯ ಸಮೀಪದಲ್ಲಿ ಲಂಗರು ಹಾಕಿದರು.

ಕಲ್ಲಿಕೋಟೆಯನ್ನು ಆಳುತ್ತಿದ್ದ ಸಾಮೂದಿರಿ ಅರಸನು ಗಾಮನಿಗೆ ಭೇಟಿಯನ್ನು ಕೊಟ್ಟನು. ಆದರೆ ಗಾಮನು ತಂದ ಕಾಣಿಕೆಗಳು ಬಟ್ಟೆ, ಟೋಪಿ, ಹವಳ, ಸಕ್ಕರೆ, ಎಣ್ಣೆ, ಜೇನುತುಪ್ಪ ಇಷ್ಟೇ. ಶ್ರೀಮಂತವಾದ ಆ ಬಂದರಿನ ಅಧಿಕಾರಿಗಳು ಅವುಗಳನ್ನು ಕಂಡು ನಕ್ಕರು. ವ್ಯಾಪಾರ ಕೈಗೂಡಲಿಲ್ಲ. ಸುಂಕದ ವಿಷಯದಲ್ಲಿ ಜಗಳ ಹುಟ್ಟಿತು. ಎರಡೂ ಕಡೆಯವರು ಒತ್ತೆಯಾಳುಗಳನ್ನು ಹಿಡಿದರು. ಕೊನೆಗೆ ಕೆಲವು ಮಂದಿ ಸ್ಥಳೀಯರನ್ನು ಬಲವಂತದಿಂದ ಹಡಗಿನಲ್ಲಿ ಇರಿಸಿಕೊಂಡು, ಆಗಸ್ಟ್ 29ರಂದು ಗಾಮನು ಕಲ್ಲಿಕೋಟೆಯಿಂದ ಹೊರಟನು.

ಅದು ಹೊರಡುವ ಕಾಲವಾಗಿರಲಿಲ್ಲ. ಅರಬ್ಬೀ ಸಮುದ್ರದ ಗಾಳಿ ವರ್ಷಕ್ಕೆ ಎರಡು ಬಾರಿ ತನ್ನ ದಿಕ್ಕನ್ನು ಬದಲಿಸುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳವರೆಗೆ ಅದು ನೈಋತ್ಯದಿಂದ, ಎಂದರೆ ಆಫ್ರಿಕದ ಕಡೆಯಿಂದ ಭಾರತದ ಕಡೆಗೆ ಬೀಸುತ್ತದೆ. ಬೇಸಗೆಯಲ್ಲಿ ಏಷ್ಯ ಖಂಡದ ನೆಲ ಕಾದು ಅದರ ಮೇಲಣ ಗಾಳಿ ಹಗುರಾಗಿ ಮೇಲೇರುವುದೂ, ತಂಪಾದ ಕಡಲಗಾಳಿ ಆ ಎಡೆಗೆ ನುಗ್ಗುವುದೂ ಇದಕ್ಕೆ ಮುಖ್ಯ ಕಾರಣ. ಚಳಿಗಾಲದಲ್ಲಿ ನೆಲ ತಣ್ಣಗಾಗಿ, ಗಾಳಿ ಈಶಾನ್ಯದಿಂದ ಕಡಲಿನ ಕಡೆಗೆ ತಿರುಗುತ್ತದೆ. ಮಾನ್ಸೂನ್ ಎಂಬ ಪದವೇ ಋತು ಎಂಬ ಅರ್ಥವುಳ್ಳ ಅರಬ್ಬೀ ಶಬ್ದದಿಂದ ಬಂದುದು. ಅರಬ್ಬರೂ ಗುಜರಾತಿನವರೂ ನಮ್ಮ ಪಶ್ಚಿಮ ಕರಾವಳಿಯ ತಾಂಡೇಲರೂ ಈ ಕ್ರಮವನ್ನು ತಲೆತಲಾಂತರದಿಂದ ಅರಿತಿದ್ದರು. ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ ಪಶ್ಚಿಮದ ದೂರಯಾನಕ್ಕೆ ಅವರು ಹಾಯಿ ಬಿಚ್ಚುತ್ತಿರಲಿಲ್ಲ. ಅವಸರ, ಭಯ, ಅಪನಂಬಿಕೆ ಈ ಮೂರೂ ಸೇರಿ ಗಾಮನನ್ನು ಕಾಯಗೊಡಲಿಲ್ಲ.

ಹಡಗುಗಳು ದಡವನ್ನು ಹಿಡಿದು ಉತ್ತರಕ್ಕೆ ನಿಧಾನವಾಗಿ ತೆವಳಿದವು. ಸೆಪ್ಟೆಂಬರ್ ತಿಂಗಳ ಕೊನೆಯ ಭಾಗದಲ್ಲಿ ಅವು ಅಂಜದೀವ ದ್ವೀಪವನ್ನು ಸೇರಿದವು. ಕಾರವಾರದ ದಕ್ಷಿಣಕ್ಕೆ, ಬಿಣಗಾ ಮತ್ತು ಅರಗಾ ಗ್ರಾಮಗಳ ಎದುರಿಗೆ ಕಡಲಿನಲ್ಲಿರುವ ಚಿಕ್ಕ ದ್ವೀಪವಿದು. ಇಂದು ಅದು ಕಾರವಾರದ ನೌಕಾನೆಲೆಯ ಅಂಗವಾಗಿದೆ. ಸಿಹಿನೀರಿನ ಆಸರೆಯಿದ್ದ ಆ ದ್ವೀಪವು ನಾವಿಕರಿಗೆ ಬಹಳ ಉಪಯುಕ್ತವಾಗಿತ್ತು. ಗಾಮನ ಸಂಗಡಿಗರು ಅಲ್ಲಿ ಸುಮಾರು ಹನ್ನೆರಡು ದಿನ ತಂಗಿ, ಹಡಗುಗಳನ್ನು ದಡಕ್ಕೆ ಒರಗಿಸಿ, ತಳಕ್ಕೆ ಅಂಟಿದ್ದ ಪಾಚಿ ಚಿಪ್ಪುಗಳನ್ನು ಕೆರೆದು, ಸಂದುಗಳನ್ನು ಬಿಗಿಗೊಳಿಸಿದರು. ಕುಡಿಯುವ ನೀರನ್ನೂ ಸೌದೆಯನ್ನೂ ತುಂಬಿಕೊಂಡರು. ಗೋವೆಯ ಕಡೆಯಿಂದ ಅಲ್ಲಿಗೆ ಬಂದ ಯೆಹೂದಿಯೊಬ್ಬನನ್ನು ಬೇಹುಗಾರನೆಂದು ಶಂಕಿಸಿ, ಹೊಡೆದು ಹಿಂಸಿಸಿ, ಗಾಮನು ಸೆರೆಹಿಡಿದನು. ಅವನೇ ಮುಂದೆ ಗಾಸ್ಪರ್ ಡ ಗಾಮ ಎಂಬ ಹೆಸರನ್ನು ಪಡೆದು ಪೋರ್ಚುಗೀಸರ ದುಭಾಷಿಯಾದನು. ಆಕ್ರಮಣದ ಶಂಕೆಯಿಂದ ಗಾಮನು ಆ ದ್ವೀಪದಲ್ಲಿಯೂ ಹೆಚ್ಚು ಕಾಲ ನಿಲ್ಲಲಿಲ್ಲ. ಅಕ್ಟೋಬರ್ 5ರಂದು ಮೂರು ಹಡಗುಗಳೂ ಪಶ್ಚಿಮಕ್ಕೆ ಮುಖಮಾಡಿದವು.

ಹಾಯಿಹಡಗು ಗಾಳಿಗೆ ನೇರವಾಗಿ ಇದಿರು ಹೋಗಲಾರದು. ಇದಿರುಗಾಳಿ ಬೀಸುವಾಗ ಅದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಓರೆಯಾಗಿ ಸಾಗುತ್ತ, ಹಾವಿನ ಹೊರಳಿನಂತೆ ಬಳಸಿ ಬಳಸಿ ಮುಂದುವರಿಯಬೇಕು. ದಿನವಿಡೀ ದುಡಿದರೂ ಮುಂದೆ ಸರಿದ ದೂರ ಅತ್ಯಲ್ಪ. ಗಾಳಿಯು ದಿಕ್ಕು ಬದಲಿಸುವ ಸಂಧಿಕಾಲದಲ್ಲಿ ಇನ್ನೊಂದು ವಿಪತ್ತು ಉಂಟು. ಗಾಳಿ ಪೂರ್ತಿ ಅಡಗಿ, ಹಾಯಿಗಳು ಒದ್ದೆಯ ಬಟ್ಟೆಯಂತೆ ಜೋತುಬಿದ್ದು, ಹಡಗು ನಿಂತಲ್ಲಿಯೇ ನಿಲ್ಲುತ್ತದೆ. ಗಾಮನ ಹಡಗುಗಳಿಗೆ ಈ ಎರಡೂ ಕಷ್ಟಗಳು ಒಂದರ ಮೇಲೊಂದರಂತೆ ಬಂದವು. ವಾರಗಳು ಕಳೆದವು, ತಿಂಗಳು ಕಳೆಯಿತು, ನೆಲ ಕಾಣಿಸಲಿಲ್ಲ.

ಆಗ ನಾವಿಕರಲ್ಲಿ ರೋಗ ಕಾಣಿಸಿಕೊಂಡಿತು. ಒಸಡುಗಳು ಹಲ್ಲುಗಳನ್ನು ಮುಚ್ಚುವಷ್ಟು ಬಾತು, ಆಹಾರವನ್ನು ಅಗಿಯುವುದು ಅಸಾಧ್ಯವಾಯಿತು. ಕಾಲುಗಳು ಊದಿಕೊಂಡವು. ಇದು ಸ್ಕರ್ವಿ ಎಂಬ ರೋಗ. ತಾಜಾ ಹಣ್ಣು ತರಕಾರಿಗಳಿಲ್ಲದೆ ಬಹುಕಾಲ ಕಳೆದವರಿಗೆ ‘ಸಿ’ ಜೀವಸತ್ವದ ಕೊರತೆಯಿಂದ ಇದು ಬರುತ್ತದೆ. ನಿಂಬೆ, ಕಿತ್ತಳೆ, ನೆಲ್ಲಿಕಾಯಿಗಳಿಂದ ವಾಸಿಯಾಗುವ ಈ ರೋಗದ ನಿಜವಾದ ಕಾರಣ ವಿಜ್ಞಾನಕ್ಕೆ ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ. ಗಾಮನ ಕಾಲದ ನಾವಿಕರಿಗೆ ಅದು ಕಾರಣ ತಿಳಿಯದ ಮೃತ್ಯುವಾಗಿತ್ತು. ಆ ಒಂದು ದಾಟುವಿಕೆಯಲ್ಲಿಯೇ ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲಿಯೂ ಎದ್ದು ನಿಂತು ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದರು. ಅವರೂ ಪೂರ್ಣ ಆರೋಗ್ಯವಂತರಲ್ಲ. ಶಿಸ್ತು ಸಡಿಲವಾಯಿತು. ನಾಯಕರು ಕೂಡಿ ಆಲೋಚಿಸಿ, ಗಾಳಿಯು ಹಿಂದಕ್ಕೆ ಒಯ್ಯುವಂತಿದ್ದರೆ ಭಾರತಕ್ಕೇ ಮರಳುವುದೆಂದು ನಿಶ್ಚಯಿಸಿದರು. ಯಾವ ನೆಲದಿಂದ ಹೆದರಿ ಓಡಿಬಂದಿದ್ದರೋ ಆ ನೆಲವೇ ಈಗ ಅವರಿಗೆ ಆಶ್ರಯವಾಗಿ ತೋರಿತು.

ಅಷ್ಟರಲ್ಲಿ ಋತು ತಿರುಗಿತು. ಬಹುದಿನಗಳಿಂದ ಬಾರದ ಅನುಕೂಲ ಗಾಳಿ ಬೀಸಿ, ಆರೇ ದಿನಗಳಲ್ಲಿ ಅವರನ್ನು ಆಫ್ರಿಕದ ದಡದ ಬಳಿಗೆ ಒಯ್ದಿತು. 1499ರ ಜನವರಿ 2ರಂದು ನೆಲ ಕಾಣಿಸಿತು. ಬರುವಾಗ ಇಪ್ಪತ್ತಮೂರು ದಿನಗಳಲ್ಲಿ ದಾಟಿದ ಕಡಲನ್ನು ಹೋಗುವಾಗ ದಾಟಲು ಮೂರು ದಿನ ಕಡಿಮೆ ಮೂರು ತಿಂಗಳು ಹಿಡಿಯಿತು.

ಜನವರಿ 7ರಂದು ಅವರು ಮಾಲಿಂದಿಯನ್ನು ಸೇರಿದರು. ಅಲ್ಲಿಯ ಅರಸನು ರೋಗಿಗಳಿಗೆ ಕಿತ್ತಳೆ ಹಣ್ಣುಗಳನ್ನು ಒದಗಿಸಿದನು. ಆದರೆ ಹಲವರ ಪಾಲಿಗೆ ಆ ನೆರವು ತಡವಾಗಿ ಬಂದಿತ್ತು. ಅವರು ಅಲ್ಲಿಯೇ ಅಸುನೀಗಿದರು. ಮೂರು ಹಡಗುಗಳನ್ನು ನಡೆಸುವಷ್ಟು ಜನ ಉಳಿದಿರಲಿಲ್ಲವಾದುದರಿಂದ, ಮೊಂಬಾಸಾದ ಸಮೀಪದಲ್ಲಿ ಪಾವ್ಲೊ ಡ ಗಾಮನ ಸಾಂವ್ ರಫಾಯೆಲ್ ಹಡಗಿಗೆ ತಮ್ಮ ಕೈಯಿಂದಲೇ ಬೆಂಕಿಯಿಟ್ಟರು. ಮಾರ್ಚ್ 20ರಂದು ಭೂಶಿರವನ್ನು ದಾಟಿ ಅಟ್ಲಾಂಟಿಕ್ ಸಾಗರವನ್ನು ಹೊಕ್ಕರು. ಜುಲೈ 10ರಂದು ಬೆರಿಯೊ ಹಡಗು ಮೊದಲು ಪೋರ್ಚುಗಲ್ಲನ್ನು ಮುಟ್ಟಿತು. ದಾರಿಯಲ್ಲಿ ಅಣ್ಣನು ರೋಗದಿಂದ ಹಾಸಿಗೆ ಹಿಡಿದುದರಿಂದ ವಾಸ್ಕೋ ಡ ಗಾಮನು ತನ್ನ ಹಡಗನ್ನು ಇತರರಿಗೆ ಒಪ್ಪಿಸಿ, ಬೇರೊಂದು ಹಡಗಿನಲ್ಲಿ ಅವನನ್ನು ಕರೆದುಕೊಂಡು ಹೊರಟನು. ಪಾವ್ಲೊ ಬದುಕಲಿಲ್ಲ. ಅಜೋರ್ಸ್ ದ್ವೀಪಗಳಲ್ಲಿ ಒಂದಾದ ತೆರ್ಸೇರಾದಲ್ಲಿ ಅವನನ್ನು ಮಣ್ಣುಮಾಡಿ, ಗಾಮನು ತಡವಾಗಿ ಲಿಸ್ಬನ್ ಸೇರಿದನು. ರಾಜಧಾನಿಯಲ್ಲಿ ಉತ್ಸವ ನಡೆಯಿತು. ಬಿರುದುಗಳೂ ಸಂಪತ್ತೂ ದೊರೆತವು. ಆದರೆ ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಗೆ ಮರಳಲಿಲ್ಲ.

ಈ ನಷ್ಟದಿಂದ ಪೋರ್ಚುಗೀಸರು ಗಾಳಿಯ ಪಾಠವನ್ನು ಕಲಿತರು. ಮುಂದಿನ ಯಾತ್ರೆಯ ನಾಯಕ ಕಬ್ರಾಲನು ಈಶಾನ್ಯದ ಗಾಳಿ ನೆಲೆಗೊಂಡ ಮೇಲೆ, 1501ರ ಜನವರಿಯಲ್ಲಿ ಕೇರಳದ ತೀರವನ್ನು ಬಿಟ್ಟು, ಫೆಬ್ರವರಿಯಲ್ಲಿಯೇ ಆಫ್ರಿಕದ ಕರಾವಳಿಯನ್ನು ಸಮೀಪಿಸಿದನು. 1505ರಲ್ಲಿ ಪೋರ್ಚುಗೀಸರು ಅಂಜದೀವದಲ್ಲಿ ಕೋಟೆಯೊಂದನ್ನು ಕಟ್ಟಿದರು. ಆದರೆ ಕೆಲವೇ ಕಾಲದಲ್ಲಿ ಅದನ್ನು ಬಿಟ್ಟುಹೋದರು.

ಕಷ್ಟವನ್ನು ಉಂಡವನು ಪರರ ಕಷ್ಟವನ್ನು ಅರಿಯುವನೆಂಬ ಮಾತು ಗಾಮನ ವಿಷಯದಲ್ಲಿ ನಿಜವಾಗಲಿಲ್ಲ. 1502ರಲ್ಲಿ ದೊಡ್ಡ ನೌಕಾಬಲದೊಡನೆ ಮತ್ತೆ ಬಂದ ಅವನು, ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದವರ ಹಡಗೊಂದನ್ನು ಹಿಡಿದು, ಹೆಂಗಸರು ಮಕ್ಕಳು ಸೇರಿದಂತೆ ನೂರಾರು ಜನರಿದ್ದ ಆ ಹಡಗನ್ನು ಸುಡಿಸಿದನು. ಕಲ್ಲಿಕೋಟೆಯ ಮೇಲೆ ಫಿರಂಗಿಗಳಿಂದ ಗುಂಡಿನ ಮಳೆಗರೆಸಿದನು. ಅವನ ಕೀರ್ತಿಗೆ ಅಂಟಿದ ಈ ಕಳಂಕವನ್ನು ಇತಿಹಾಸ ಮರೆತಿಲ್ಲ. 1524ರಲ್ಲಿ ರಾಜಪ್ರತಿನಿಧಿಯಾಗಿ ಮೂರನೆಯ ಬಾರಿ ಭಾರತಕ್ಕೆ ಬಂದ ಅವನು, ಕೆಲವೇ ತಿಂಗಳು ಅಧಿಕಾರ ನಡೆಸಿ, ಅದೇ ವರ್ಷದ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಮರಣ ಹೊಂದಿದನು. ಅಲ್ಲಿನ ಚರ್ಚಿನಲ್ಲಿ ಸಮಾಧಿ ಮಾಡಿದ್ದ ಅವನ ಅವಶೇಷಗಳನ್ನು 1539ರಲ್ಲಿ ಪೋರ್ಚುಗಲ್ಲಿಗೆ ಒಯ್ಯಲಾಯಿತು.

ವಾಸ್ಕೋ ಡ ಗಾಮನ ಧೈರ್ಯ ಅಸಾಧಾರಣವಾದುದು. ಅವನು ತೆರೆದ ದಾರಿ ಜಗತ್ತಿನ ವ್ಯಾಪಾರವನ್ನೂ ರಾಜಕೀಯವನ್ನೂ ಬದಲಿಸಿತು; ನಮ್ಮ ದೇಶದ ಮಟ್ಟಿಗೆ ಅದು ಪರಕೀಯರ ಆಳ್ವಿಕೆಗೂ ಬಾಗಿಲಾಯಿತು. ಆದರೆ ಅವನ ಜೀವನದಲ್ಲಿ ಗೆಲವು ಸೋಲುಗಳೆರಡನ್ನೂ ಅಳೆದುಕೊಟ್ಟುದು ಗಾಳಿ. ಅಟ್ಲಾಂಟಿಕ್ ಸಾಗರದಲ್ಲಿ ತಾನು ಬಲ್ಲ ಗಾಳಿಯನ್ನು ಅನುಸರಿಸಿ ಅವನು ಗೆದ್ದನು. ಮಾಲಿಂದಿಯಲ್ಲಿ ಬಲ್ಲವನ ಕೈ ಹಿಡಿದು ಗೆದ್ದನು. ಅಂಜದೀವದಿಂದ ಯಾರ ಮಾತಿಗೂ ಕಾಯದೆ ಹೊರಟಾಗ, ಆ ಅವಸರದ ಬೆಲೆಯನ್ನು ತೆತ್ತವರು ಮೂವತ್ತು ಮಂದಿ ಬಡ ನಾವಿಕರು. ಅವರಲ್ಲಿ ಬಹುಮಂದಿಯ ಹೆಸರನ್ನೂ, ಗಾಮನಿಗೆ ಕಡಲನ್ನು ದಾಟಿಸಿದ ಆ ಮಾರ್ಗದರ್ಶಕನ ಹೆಸರನ್ನೂ ಜಗತ್ತು ಅರಿಯದು. ಋತು ಬಂದಾಗ ಗಾಳಿ ಮಾತ್ರ ಅಂದಿನಂತೆಯೇ ಇಂದಿಗೂ ಕಾರವಾರ ಅಂಕೋಲೆಗಳ ತೀರದ ಮೇಲೆ ಬೀಸುತ್ತದೆ. ಅದರ ದಿಕ್ಕನ್ನು ನೋಡಿ ದೋಣಿಯಿಳಿಸುವ ಬೆಸ್ತನ ವಿವೇಕ ಯಾವ ಮಹಾನಾವಿಕನ ಸಾಹಸಕ್ಕೂ ಕಡಿಮೆಯದಲ್ಲ.