ಕೋಟಿನೊಳಗಿನ ಚೀಟಿ

ನಮ್ಮ ಶಾಲೆಯ ವಿಜ್ಞಾನ ಮೇಷ್ಟ್ರು ಎರಡು ಸಿರಿಂಜುಗಳಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ನೀರು ತುಂಬಿ, ಒಂದನ್ನು ಒತ್ತಿದರೆ ಇನ್ನೊಂದು ಏಳುವುದನ್ನು ತೋರಿಸಿದ್ದು ನನ್ನ ಓರಗೆಯವರಿಗೆ ನೆನಪಿರಬಹುದು. ಅದು ಪಾಸ್ಕಲನ ನಿಯಮ. ಬಿ.ಇ. ಓದುವಾಗ ಆತ ಮತ್ತೆ ಸಿಕ್ಕ. ಪಾಸ್ಕಲ್ ತ್ರಿಭುಜ ಮುದ್ರಿಸುವ ಪ್ರೋಗ್ರಾಂ ಬರೆಯಬೇಕಿತ್ತು. ಅದೇ ವರ್ಷ ರಜೆಗೆ ಊರಿಗೆ ಬಂದವನು, ದೇವರಿದ್ದಾನೆ ಎನ್ನುವುದಕ್ಕೆ ಪುರಾವೆ ಕೊಡು ಎಂದು ಅವ್ವನನ್ನು ಕೇಳಿದೆ. ಅವ್ವ ಮಾತಾಡದೆ ಬತ್ತಿ ಹೊಸೆಯುತ್ತ ಕೂತಳು. ನಾನು ಗೆದ್ದೆ ಅಂದುಕೊಂಡೆ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರಲ್ಲಿ, ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅವನು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ತಂದೆಯೇ ಕಲಿಸಿದ. ತಂದೆಗೆ ತೆರಿಗೆ ಲೆಕ್ಕದ ಕೆಲಸ. ಅದರ ಹೊರೆ ಇಳಿಸಲೆಂದು ಹತ್ತೊಂಬತ್ತರ ಮಗ ಹಲ್ಲಿನ ಚಕ್ರಗಳ ಲೆಕ್ಕಯಂತ್ರಕ್ಕೆ ಕೈಹಾಕಿದ. ದಶಕ ತಾನಾಗಿ ಮುಂದಿನ ಮನೆಗೆ ದಾಟಬೇಕಲ್ಲ, ಅದು ಸರಿಹೋಗಲು ಸುಮಾರು 50 ಮಾದರಿಗಳು ಬೇಕಾದವು. ನಮ್ಮ ಕಸುಬಿನವರಿಗೆ ಇದು ಅರ್ಥವಾಗುತ್ತದೆ!

ಮುಂದೆ ಗಾಳಿಗೆ ತೂಕವಿದೆಯೇ ಎಂಬ ಜಗಳ ಬಂತು. ಪ್ರಕೃತಿಯಲ್ಲಿ ಶೂನ್ಯ ಸಾಧ್ಯವೇ ಇಲ್ಲ ಎಂದು ಪಂಡಿತರು ಹಳೆಯ ಗ್ರಂಥಗಳ ಬಲದಿಂದ ವಾದಿಸುತ್ತಿದ್ದರು. ಪಾಸ್ಕಲ್ ಅದನ್ನು ಒಪ್ಪಲಿಲ್ಲ. 1648ರ ಸೆಪ್ಟೆಂಬರಿನಲ್ಲಿ ಅವನ ಕೋರಿಕೆಯಂತೆ ಭಾವ ಪೆರಿಯೆ ಪಾದರಸದ ಕೊಳವೆ ಹೊತ್ತು ಪುಯ್ ದ ಡೋಮ್ ಬೆಟ್ಟ ಹತ್ತಿದ. ಮೇಲೆ ಹೋದಂತೆ ಪಾದರಸ ಇಳಿಯಿತು. ಕೆಳಗೆ ಮಠದ ತೋಟದಲ್ಲಿ ಇನ್ನೊಂದು ಕೊಳವೆ ಇಟ್ಟು, ಅದು ಕದಲಲಿಲ್ಲವೆಂದು ದಿನವಿಡೀ ನೋಡಲು ಒಬ್ಬ ಸನ್ಯಾಸಿಯನ್ನೇ ಕೂರಿಸಿದ್ದರು. ಪುರಾವೆಯ ವಿಷಯದಲ್ಲಿ ಅಷ್ಟು ಬಿಗಿ.

ಇಂಥವನು 1654ರ ನವೆಂಬರ್ 23ರ ರಾತ್ರಿ ಎರಡು ತಾಸು ಯಾವುದೋ ಅನುಭವಕ್ಕೆ ಸಿಕ್ಕಿದ. ಅದನ್ನು ಚೀಟಿಯಲ್ಲಿ ಬರೆದು ಕೋಟಿನ ಒಳಪದರಕ್ಕೆ ಹೊಲಿದುಕೊಂಡ, ಯಾರಿಗೂ ಹೇಳಲಿಲ್ಲ. 1662ರಲ್ಲಿ, 39ನೇ ವಯಸ್ಸಿಗೆ ಅವನು ಸತ್ತ ಮೇಲೆ ಅದು ಸೇವಕನ ಕೈಗೆ ಸಿಕ್ಕಿತು.

ಅದೇ 1654ರಲ್ಲಿ ಅವನು ಫರ್ಮಾ ಜೊತೆ ಪತ್ರ ಬರೆದುಕೊಂಡು, ಅರ್ಧಕ್ಕೆ ನಿಂತ ಜೂಜಿನ ಹಣ ಹಂಚುವ ಲೆಕ್ಕದಿಂದ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದ್ದ. ಆ ಲೆಕ್ಕವನ್ನೇ ದೇವರಿಗೂ ಹಚ್ಚಿದ. ದೇವರು ಇದ್ದಾನೋ ಇಲ್ಲವೋ ಬುದ್ಧಿಯಿಂದ ತೀರ್ಮಾನವಾಗದು, ಆದರೂ ಬದುಕುವವನು ಒಂದು ಕಡೆ ಪಣ ಕಟ್ಟಲೇಬೇಕು. ನಂಬಿ ಗೆದ್ದರೆ ಲಾಭ ಅಪಾರ, ಸೋತರೆ ಹೋಗುವುದು ಅಲ್ಪ. ಆದ್ದರಿಂದ ನಂಬುವುದೇ ಲೇಸು ಎಂದ. 1670ರಲ್ಲಿ ಅಚ್ಚಾದ ಅವನ ಟಿಪ್ಪಣಿಗಳಲ್ಲಿ ಇದಿದೆ.

ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಯಾವ ದೇವರ ಮೇಲೆ ಪಣ? ಲಾಭ ನೋಡಿ ನಂಬಿಕೆ ಬರುವುದೂ ಇಲ್ಲ. ಅವನಿಗೇ ನಂಬಿಕೆ ಗಟ್ಟಿಯಾಗಿದ್ದು ಆ ರಾತ್ರಿಯಿಂದ, ಲೆಕ್ಕದಿಂದಲ್ಲ.

ಆದರೆ ಪಣ ಕಟ್ಟದೆ ಇರಲಾಗದು ಎಂಬುದು ಸುಳ್ಳಲ್ಲ. ಅಪ್ಪನ ಆಪರೇಷನ್ ದಿನ ಡಾಕ್ಟರು ಬದುಕುವ ಸಾಧ್ಯತೆ ನೂರಕ್ಕೆ ಇಷ್ಟು ಎಂದು ಹೇಳಿ ಕಾಗದ ಮುಂದಿಟ್ಟರು. ನಾನು ಮೊಬೈಲಿನಲ್ಲಿ ಸಂಶೋಧನಾ ಲೇಖನ ಹುಡುಕುತ್ತ ಕೂತೆ, ಪುರಾವೆ ಸಾಲಲಿಲ್ಲ. ಸಹಿ ಹಾಕದಿದ್ದರೂ ಅದೊಂದು ತೀರ್ಮಾನವೇ. ಹಾಕಿದೆ. ಅವ್ವ ಕಾರಿಡಾರಿನ ಗಣಪತಿ ಪಟದ ಮುಂದೆ ಕೈಮುಗಿದು ನಿಂತಿದ್ದಳು. ಅಪ್ಪ ಉಳಿದರು, ಅದು ದೇವರಿಗೆ ಪುರಾವೆಯಲ್ಲ, ದೇವರಿಲ್ಲ ಎನ್ನುವುದಕ್ಕೂ ಅಲ್ಲ.

ನಾನು ಇಂದಿಗೂ ನಂಬುವವನಲ್ಲ. ದೀಪ ಹಚ್ಚಿದರೆ ಕಾಯಿಲೆ ವಾಸಿ, ಔಷಧಿ ಬೇಡ ಎಂದು ಯಾರಾದರೂ ಹೇಳಿದರೆ ಇಂದಿಗೂ ಪುರಾವೆ ಕೇಳುತ್ತೇನೆ, ಬೆಟ್ಟ ಹತ್ತಿಸುತ್ತೇನೆ. ಅವ್ವ ಹಾಗೆ ಹೇಳಿರಲೇ ಇಲ್ಲ. ಅವಳು ಬತ್ತಿ ಹೊಸೆಯುತ್ತಿದ್ದಳು, ಅಷ್ಟೆ. ದೇವರಿಲ್ಲ ಎಂಬ ನನ್ನ ಮಾತಿಗೆ ಅವಳು ಪುರಾವೆ ಕೇಳಿದ್ದರೆ ನನ್ನ ಹತ್ತಿರವೂ ಇರಲಿಲ್ಲ. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿಲ್ಲ. ಈ ಸಂಚಿಕೆ ನಮ್ಮ ಮನೆಗೂ ಬರುತ್ತದೆ, ತಂಗಿ ಓದಿ ಹೇಳುತ್ತಾಳೆ.